ಕಾಳು ಬೆಂದಿದೆ

ಮಧ್ಯಾಹ್ನದಿಂದ ನಾನು ಕಾಲು ಸುಟ್ಟ ಬೆಕ್ಕಿನ ಹಾಗೆ ಒಲೆಗೂ ಬ್ಯಾಟರಿಗೂ ನಡುವೆ ಓಡಾಡುತ್ತಿದ್ದೆ.

ನಮ್ಮೂರಿಗೆ ಕರೆಂಟ್ ಕಂಬವೇ ಬಂದಿಲ್ಲ. ಯಾವುದೋ ಸಂಸ್ಥೆಯವರು ಸೋಲಾರ್ ಪ್ಯಾನೆಲ್ಲು, ಬ್ಯಾಟರಿ, ಕರೆಂಟ್ ಒಲೆ ಕೊಟ್ಟು, ಬಳಸಿ ನೋಡಿ ಎಂದಿದ್ದರು. ಸಂಜೆ ಅವರ ಮೇಸ್ತ್ರಿ ಬರುವವನಿದ್ದ. ಅಡುಗೆ ಆಗಿದ್ದರೆ ಒಲೆ ನಮ್ಮದು, ಇಲ್ಲವಾದರೆ ಇನ್ನೊಬ್ಬರ ಮನೆಗೆ. ಸೌದೆ ಹೊಗೆಗೆ ನನ್ನ ಮಗಳ ಎದೆ ಗೊರಗೊರ ಎನ್ನುತ್ತಿತ್ತು. ಈ ಒಲೆ ಬಂದ ಮೇಲೆ ಅವಳು ಒಂದೇ ನಿದ್ದೆಗೆ ಬೆಳಗು ಮಾಡುತ್ತಿದ್ದಳು. ಅದನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಅತ್ತೆಗೆ ಮಾತ್ರ ಆ ಒಲೆ ಕಂಡರಾಗದು. "ಬೆಂಕಿ ಇಲ್ದೆ ಬೇಯೋದು ಯಾವ ಸೀಮೆ ಅಡುಗೆನೇ?" ಎಂದು ದಿನಾ ಗೊಣಗುತ್ತಿದ್ದರು.

ಆಕಾಶದಲ್ಲಿ ಚೂರು ಮೋಡವಿಲ್ಲ. ಆದರೂ ಚಾರ್ಜ್ ಎಷ್ಟಿದೆ ಎಂದು ತೋರಿಸುವ ಬ್ಯಾಟರಿಯ ದೀಪಗಳು ಒಂದೊಂದೇ ಆರುತ್ತಿದ್ದವು, ಕಾಳು ಕುದಿಯಲೊಲ್ಲದು. ಮುಚ್ಚಳ ತೆಗೆದೆ, ಹಾಕಿದೆ, ತಂತಿ ಅಲ್ಲಾಡಿಸಿದೆ, ಮೇಸ್ತ್ರಿಯ ವಂಶವನ್ನೆಲ್ಲ ಜಾಲಾಡಿದೆ. ಕೊನೆಗೆ ಮಾಡಿನ ಮೇಲಿದ್ದ ಪ್ಯಾನೆಲ್ಲು ನೋಡಲು ಏಣಿ ಹತ್ತಿದೆ.

ಪ್ಯಾನೆಲ್ಲಿನ ಮೇಲೆ ಕಂಬಳಿ! ಅತ್ತೆ ಪೆಟ್ಟಿಗೆಯಲ್ಲಿಟ್ಟು ಯಾರಿಗೂ ಮುಟ್ಟಲು ಬಿಡದ ಹೊಸ ಕಂಬಳಿ. ಹಾರಿಹೋಗದಂತೆ ಮೂಲೆಗಳಿಗೆ ಕಲ್ಲು ಬೇರೆ.

ಮೈಯೆಲ್ಲ ಉರಿದುಹೋಯಿತು. "ಒಲೆ ವಾಪಸ್ ಹೋಗ್ಲಿ ಅಂತ ಬೇಕಂತ್ಲೇ ಮಾಡಿದ್ರಾ ಅತ್ತೆ?" ಎಂದು ಮೇಲಿನಿಂದಲೇ ಕೂಗಿದೆ.

ಅತ್ತೆ ಅಂಗಳದಲ್ಲಿ ಮಂಡಿ ನೀವಿಕೊಳ್ಳುತ್ತ ಕೂತಿದ್ದರು. "ಮಗು ಉಸಿರು ಅದ್ರಲ್ಲೇ ಇದೆ ಅಂತ ನೀನೇ ಅಂದ್ಯಲ್ಲೇ. ಇಂಥ ಬಿಸ್ಲಲ್ಲಿ ಗಾಜು ಸೀಳಿಹೋದ್ರೆ? ಅದಕ್ಕೇ ಹೊದಿಸ್ದೆ."

ಆ ಮಂಡಿ ಇಟ್ಟುಕೊಂಡು ಏಣಿ ಹತ್ತಿದ್ದರು. ನನಗೆ ನಾಚಿಕೆಯಾಯಿತು. "ಬಿಸ್ಲೇ ಅದರ ಊಟ, ಅತ್ತೆ" ಎಂದೆ.

"ಮೊದ್ಲೇ ಹೇಳೋಕೇನಾಗಿತ್ತು ನಿಂಗೆ?"

ಕಂಬಳಿ ತೆಗೆಯುವಷ್ಟರಲ್ಲಿ ಬಿಸಿಲು ಇಳಿದಿತ್ತು. ಒಂದೇ ಒಂದು ದೀಪ ಹೊತ್ತಿತು. ನೀರು ಕುದಿ ಹಿಡಿಯುತ್ತಿದ್ದಂತೆ ಮೇಸ್ತ್ರಿಯ ಬೈಕಿನ ಸದ್ದು. ನೇರ ಅಡುಗೆಮನೆಗೇ ಬಂದ.

"ಬೆಂದಿದೆಯೇನಮ್ಮಾ?"

ಅತ್ತೆ ನನ್ನನ್ನು ಪಕ್ಕಕ್ಕೆ ತಳ್ಳಿ, ಸೌಟಿನಿಂದ ಕಾಳು ಎತ್ತಿ, ಊದಿ ಬಾಯಿಗೆ ಹಾಕಿಕೊಂಡರು. ಅವರಿಗಿರುವುದು ನಾಲ್ಕೇ ಹಲ್ಲು, ಅದರಲ್ಲೂ ಒಂದು ಅಲುಗುತ್ತದೆ. ಕಟಕ್ ಎಂದದ್ದು ನನಗೆ ಕೇಳಿಸಿತು.

"ಬೆಣ್ಣೆ ಹಂಗೆ ಬೆಂದಿದೆ. ಬರ್ಕೊಳಪ್ಪ" ಎಂದರು.

ಅವನು ಬರೆದುಕೊಂಡು ಹೋದ. ಬೈಕಿನ ಸದ್ದು ದೂರವಾಗುವ ತನಕ ಅತ್ತೆ ಬಾಯಿ ತೆರೆಯಲಿಲ್ಲ. ಆಮೇಲೆ ಅಂಗೈಗೆ ಉಗುಳಿದರು. ಕಲ್ಲಿನಂಥ ಕಾಳುಗಳ ನಡುವೆ ಒಂದು ಹಲ್ಲು.

"ಹೋದ್ರೆ ಹೋಗ್ಲಿ ಬಿಡು, ಒಲೆ ಉಳೀತಲ್ಲ" ಎಂದರು.