ಹೆಗಲ ಮೇಲಿನ ಮಣ್ಣು

ಕುಸ್ತಿ ಹಿಡಿಯುವ ಮುಂಚೆ ಎದುರಾಳಿಯ ಹೆಗಲಿಗೆ ಒಂದು ಹಿಡಿ ಕೆಮ್ಮಣ್ಣು ಸವರಬೇಕು, ಅವನೂ ನಮ್ಮ ಹೆಗಲಿಗೆ ಸವರಬೇಕು. ಮಣ್ಣು ಕೊಟ್ಟವನನ್ನು ಪಟ್ಟು ಹಾಕಿ ಕೆಡವಬಹುದೇ ಹೊರತು ಗುದ್ದುವಂತಿಲ್ಲ. ಕುಸ್ತಿಯಾಡುವ ಕೆಮ್ಮಣ್ಣಿನ ಅಂಕಣ, ಆ ಮಟ್ಟಿಯೊಳಗೆ ಚಪ್ಪಲಿ ಮೆಟ್ಟಿ ಕಾಲಿಡುವಂತಿಲ್ಲ. ಗರಡಿಯ ಈ ಎರಡು ಕಟ್ಟುಪಾಡುಗಳನ್ನು ನನಗೆ ಕಲಿಸಿದವನು ನಮ್ಮಪ್ಪ, ಉಸ್ತಾದ್ ಜವರಪ್ಪ.

ಆಗ ನನಗೆ ಮೀಸೆ ಚಿಗುರುತ್ತಿದ್ದ ವಯಸ್ಸು. ಕೆಂಪರಾಜ ನನ್ನ ಓರಗೆಯವನು, ಗರಡಿಯಲ್ಲಿ ನನ್ನ ಜೋಡಿ. ಮಣ್ಣು ಸವರುವಾಗ ಅವನ ಕೈ ತಾಗಿದರೆ ಸಾಕು, ಎದೆ ಡವಡವ ಎನ್ನುತ್ತಿತ್ತು. ಒಂದು ಸಂಜೆ ಇಬ್ಬರೂ ಮಟ್ಟಿ ಅಗೆದು ಹದ ಮಾಡುತ್ತಿದ್ದಾಗ ತಡೆಯಲಾರದೆ ಹೇಳಿಯೇಬಿಟ್ಟೆ.

"ನಿನ್ನ ಕಂಡ್ರೆ ನಂಗಿಷ್ಟ ಕಣ್ಲಾ. ಬೇರೆಯವ್ರು ಹುಡ್ಗೀರ್ನ ಇಷ್ಟಪಡ್ತಾರಲ್ಲ, ಅಂಗೆ."

ಅವನು ಸಲಿಕೆ ನಿಲ್ಲಿಸಿದ. "ಮೆಲ್ಲಗ್ ಮಾತಾಡ್ಲಾ. ಯಾರಾದ್ರೂ ಕೇಳಿಸ್ಕಂಡಾರು."

ಬೈಯಲಿಲ್ಲ, ದೂರ ಸರಿಯಲೂ ಇಲ್ಲ. ಆದರೆ ನನ್ನಣ್ಣ ಮರಿಸ್ವಾಮಿ ಎಣ್ಣೆ ಡಬ್ಬ ಹಿಡಿದು ಬಾಗಿಲಲ್ಲೇ ನಿಂತಿದ್ದ.

ಅವನು ನನ್ನ ಕೂದಲು ಹಿಡಿದು ಬೀದಿಯುದ್ದಕ್ಕೂ ಎಳೆದುಕೊಂಡು ಹೋದ. ನಡುಮನೆಯಲ್ಲಿ ಕೆಡವಿ ಬೆಲ್ಟು ಕಿತ್ತುಹೋಗುವವರೆಗೆ ಬಾರಿಸಿದ. ಅಪ್ಪ ನೋಡುತ್ತಾ ಕೂತಿದ್ದ.

"ಸಾಕು ಬುಡು. ನಾಳೆ ಕೆಂಪನ ಕೈಲೇ ಬುದ್ಧಿ ಕಲಿಸ್ತೀನಿ. ಅಂದಿದ್ದು ಸುಳ್ಳು ಅಂತ ಎಲ್ರ ಮುಂದೆ ಒಪ್ಕಂಡ್ರೆ ನನ್ ಮಗ. ಇಲ್ದಿದ್ರೆ ಈ ಮನೆ ಹೊಸ್ಲು ತುಳಿಯಂಗಿಲ್ಲ," ಎಂದ.

ಮರುದಿನ ಗರಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಪ್ಪ ಕೆಂಪರಾಜನನ್ನು ಕರೆದು ಎಲ್ಲರಿಗೂ ಕೇಳುವಂತೆ ಹೇಳಿದ: "ಇವನ್ಗೆ ಮಣ್ಣು ಕೊಡ್ಬ್ಯಾಡ. ಗುದ್ದು. ಕೈ ತಡೆದ್ಯೋ, ನೀನೂ ಅಂಥವ್ನೇ ಅಂದ್ಕತೀನಿ."

ಮೊದಲ ಗುದ್ದಿಗೆ ಮೂಗು ಒಡೆಯಿತು. ಆಮೇಲೆ ತುಟಿ, ಹಲ್ಲು. ಬಾಯಿ ತುಂಬ ರಕ್ತ, ಮಣ್ಣು. "ಸೀರೆ ಉಡಿಸ್ರಲಾ ಅವನ್ಗೆ!" ಎಂದು ಯಾರೋ ಕೂಗಿದ, ಗರಡಿಗೆ ಗರಡಿಯೇ ನಕ್ಕಿತು. ಥೂ, ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ. ಕೆಂಪರಾಜ ನನ್ನನ್ನು ಬೋರಲು ಕೆಡವಿ, ಬೆನ್ನ ಮೇಲೆ ಕೂತು, ಬಲಗೈ ಹಿಂದಕ್ಕೆ ತಿರುಚಿದ. ಅವನ ಕಣ್ಣೀರು ನನ್ನ ಕಿವಿಗೆ ಬೀಳುತ್ತಿತ್ತು.

"ಸುಳ್ಳು ಅಂದ್ಬುಡ್ಲಾ. ನಿನ್ ದಮ್ಮಯ್ಯ ಅಂತೀನಿ."

"ಸುಳ್ಳಲ್ಲ ಕಣೋ."

ಮೊಣಕೈ ಲಟಕ್ಕೆಂದಿತು. ಆ ಸದ್ದಿಗೆ ಬೆಚ್ಚಿ ಅವನು ಹಿಡಿತ ಬಿಟ್ಟ. ನಾನು ಹೇಗೋ ಹೊರಳಿ, ಎಡಗೈಯಲ್ಲಿ ಮಣ್ಣು ಬಾಚಿ ಅವನ ಹೆಗಲಿಗೆ ಸವರಿದೆ.

ನಗು ನಿಂತುಹೋಯಿತು. ಇನ್ನು ಅವನು ಗುದ್ದುವಂತಿರಲಿಲ್ಲ. ಅಲ್ಲಿದ್ದವರೆಲ್ಲ ಅಪ್ಪನ ಶಿಷ್ಯರೇ, ಎಲ್ಲರಿಗೂ ಅದು ಗೊತ್ತಿತ್ತು.

"ಹೊಡಿಲಾ!" ಅಪ್ಪ ಕಿರುಚಿದ. "ಒರೆಸ್ಕಂಡು ಹೊಡಿಲಾ!"

ಕೆಂಪರಾಜ ತನ್ನ ಮುಷ್ಟಿಯನ್ನೇ ನೋಡಿದ. ಬಗ್ಗಿ ಮಣ್ಣು ತೆಗೆದುಕೊಂಡ. ನನ್ನ ಹೆಗಲ ಮೇಲೆ ಕೈಯಿಟ್ಟು ಗಟ್ಟಿಯಾಗಿ ಒತ್ತಿದ.

ಅಪ್ಪ ಚಪ್ಪಲಿಗಾಲಲ್ಲೇ ಮಟ್ಟಿಗೆ ನುಗ್ಗಿದ. ಮೊದಲ ಒದೆ ಕೆಂಪರಾಜನ ಪಕ್ಕೆಗೆ ಬಿತ್ತು, ಮಿಕ್ಕಿದ್ದೆಲ್ಲ ನನಗೆ. ಹೊಟ್ಟೆಗೆ, ಎದೆಗೆ, ಮುರಿದ ಕೈಗೆ. ಒಬ್ಬರೂ ಮುಂದೆ ಬರಲಿಲ್ಲ. ಕೊನೆಗೆ ಒಬ್ಬ ಮುದುಕ, "ಉಸ್ತಾದ್ರೇ, ಚಪ್ಲಿ!" ಎಂದ.

ಅಪ್ಪ ಕಾಲು ನೋಡಿಕೊಂಡ. ಮಗ ಸಾಯುತ್ತಾನೆಂದು ನಿಲ್ಲಿಸದವನು ಮಟ್ಟಿ ಮೈಲಿಗೆಯಾಯಿತೆಂದು ನಿಲ್ಲಿಸಿದ. ಹೊರಗೆ ಹೋಗಿ ಗೋಡೆಗೊರಗಿ ಕುಕ್ಕರಿಸಿದ. ಕೆಂಪರಾಜನನ್ನು ಅವನ ಚಿಕ್ಕಪ್ಪ ದರದರ ಎಳೆದೊಯ್ದ. ಮತ್ತೆಂದೂ ಅವನನ್ನು ನಾನು ನೋಡಲಿಲ್ಲ.

ಮನೆಗೆ ಬಂದಾಗ ನನ್ನ ಬಟ್ಟೆಗಂಟು ಹೊಸ್ತಿಲಾಚೆ ಬಿದ್ದಿತ್ತು. ಅವ್ವ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿ, ಮುರಿದ ಕೈಗೆ ತನ್ನ ಹಳೆ ಸೀರೆ ಹರಿದು ಕಟ್ಟಿ, ತಲೆ ಮುಂದಕ್ಕೆ ಬಗ್ಗಿಸಿ ಅಲ್ಲಿಂದ ತೊಳೆಯತೊಡಗಿದಳು. ನೀರು ಕೆಂಪಗೆ ಹರಿಯಿತು. ಹೆಗಲಿಗೆ ಬಂದಾಗ ಅವಳ ಕೈ ನಿಂತಿತು. ಅಲ್ಲಿ ಬೆರಳುಗಳು ಅಚ್ಚೊತ್ತಿದಂತೆ ಮೂಡಿದ್ದವು.

"ಇದ ತೊಳೀಲೇನಪ್ಪಾ?"

"ಬ್ಯಾಡ ಕಣವ್ವ."

ಅವ್ವ ಚೊಂಬು ಓರೆ ಮಾಡಿ, ಆ ಹೆಗಲೊಂದನ್ನು ಬಿಟ್ಟು, ಮಿಕ್ಕ ಮೈಗೆಲ್ಲ ನೀರು ಹುಯ್ದಳು.