ಐದನೇ ಕೊಳವೆ

ಉದ್ದುದ್ದ ಸೀಳಿದ ಐದನೇ ಕೊಳವೆಯನ್ನು ಮೇಜಿನ ಮೇಲೆ ಮಲಗಿಸಿಕೊಂಡು ಬೆಳಿಗ್ಗೆಯಿಂದ ತಲೆ ಚಚ್ಚಿಕೊಳ್ಳುತ್ತಿದ್ದೆ. ಶೀತಕೋಣೆಯ ಚಳಿಗೆ ಮೂಗು ಸೋರುತ್ತಿತ್ತು. ಒಳಗಿರುವುದು ಕೆಸರು. ಸಾವಿರಾರು ವರ್ಷ ಹಳೆಯ ಸರೋವರದ ತಳಕ್ಕೆ ಕೊಳವೆ ಇಳಿಸಿ, ಒಂದರ ಕೆಳಗೊಂದರಂತೆ ಆರು ತುಂಡಾಗಿ ಎತ್ತಿದ ಕೆಸರು. ಪಿಎಚ್‌ಡಿ ಮುಗಿಸಿದ ಮೇಲೂ ಮನುಷ್ಯರು ಕೆಸರು ಕೆದಕಿಕೊಂಡು ಕೂರುತ್ತಾರೆಂದರೆ ನನ್ನ ಅಕ್ಕ ಇವತ್ತಿಗೂ ನಂಬುವುದಿಲ್ಲ. ಈ ತಿಂಗಳಿಗೆ ನನ್ನ ಕೆಲಸದ ಅವಧಿ ಮುಗಿಯುತ್ತದೆ. ಪ್ರಬಂಧ ಅಚ್ಚಿಗೆ ಹೋದರೆ ಇನ್ನೆರಡು ವರ್ಷ, ಇಲ್ಲವಾದರೆ ಮನೆ.

ಪ್ರಬಂಧದ ಜೀವವೆಲ್ಲ ಇದೇ ಕೊಳವೆಯಲ್ಲಿತ್ತು. ಮೇಲ್ತುದಿಯಲ್ಲಿ ಒಂದು ಗೇಣು ಮರಳು, ಚಿಪ್ಪು, ದಡದಲ್ಲಷ್ಟೇ ಸಿಗುವಂಥವು. ಅಂದರೆ ತುಂಬಿದ ಸರೋವರ ಇದ್ದಕ್ಕಿದ್ದಂತೆ ಬತ್ತಿ, ಮತ್ತೆ ತುಂಬಿತ್ತು. ನಮ್ಮ ಪ್ರೊಫೆಸರ್ ಅದಕ್ಕೆ 'ಮಹಾಬರ' ಎಂದು ನಾಮಕರಣವನ್ನೂ ಮಾಡಿ, ಹೋದಲ್ಲೆಲ್ಲ ಡಂಗುರ ಸಾರಿ ಬಂದಿದ್ದರು. ದೋಣಿಯಿಂದ ಶಬ್ದದ ಅಲೆ ಬಿಟ್ಟು ತೆಗೆದ ತಳದ ಚಿತ್ರದಲ್ಲಿ ಮಾತ್ರ ಅಲ್ಲಿ ಮರಳಿನ ಗೆರೆಯೇ ಇರಲಿಲ್ಲ. ಗಟ್ಟಿ ಗೆರೆ ಇದ್ದದ್ದು ಒಂದೇ, ತೀರಾ ಕೆಳಗೆ. ಕೇಳಿದರೆ, "ಗ್ಯಾಸ್ ಗುಳ್ಳೆ ಅಡ್ಡ ಬಂದಿರತ್ತಮ್ಮ" ಎಂದಿದ್ದರು. ಕಾಲನಿರ್ಣಯದಲ್ಲಿ ಕೊಳವೆಯ ಮೇಲಿನ ಕೆಸರು ಕೆಳಗಿನದಕ್ಕಿಂತ ಹಳೆಯದೆಂದು ಬಂದಾಗ, "ದಡದ ಹಳೇ ಮಣ್ಣು ಕೊಚ್ಕೊಂಡು ಬಂದಿದೆ, ಬಿಡು." ಎಲ್ಲಕ್ಕೂ ಒಂದೊಂದು ಸಬೂಬು.

ಇವತ್ತು ಭೂತಗನ್ನಡಿ ಹಿಡಿದು ನೋಡುತ್ತೇನೆ, ನೆರೆ ತಂದ ಪದರಗಳೆಲ್ಲ ತಲೆಕೆಳಗು. ನೆರೆ ಬಂದಾಗ ದಪ್ಪ ಮರಳು ಮೊದಲು ತಳ ಸೇರುತ್ತದೆ, ನುಣ್ಣನೆಯ ಮಣ್ಣು ಆಮೇಲೆ ಅದರ ಮೇಲೆ ಕೂರುತ್ತದೆ. ಇಲ್ಲಿ ನುಣ್ಣನೆಯದು ಕೆಳಗೆ, ದಪ್ಪನೆಯದು ಮೇಲೆ. ಒಂದಲ್ಲ, ಅಷ್ಟೂ ಪದರ ಹಾಗೇ. ಕೊಳವೆಯನ್ನು ತಿರುಗಿಸಿಟ್ಟೆ. ಆ ಮರಳು ತಳಕ್ಕೆ ಹೋಗಿ, ಕೆಳಗಿನ ಆರನೇ ಕೊಳವೆಯ ಮರಳಿಗೆ ಕೂಡಿಕೊಂಡಿತು. ಅದು ಬರವಲ್ಲ, ಸರೋವರ ಹುಟ್ಟಿದಾಗಿನ ದಡ.

ನಮ್ಮಲ್ಲಿ ಕೆಂಪು ಮುಚ್ಚಳ ಕೊಳವೆಯ ಮೇಲ್ತುದಿಗೆ, ಕಪ್ಪು ಕೆಳತುದಿಗೆ. ಪ್ರೊಫೆಸರ್ ಮೊದಲಿದ್ದ ಪ್ರಯೋಗಾಲಯದಲ್ಲಿ ಇದು ಉಲ್ಟಾ. ಕೊಳವೆ ಎತ್ತುತ್ತಿದ್ದ ತೆಪ್ಪದ ಮೇಲೆ ಫೋಟೊ ತೆಗೆಸಿಕೊಳ್ಳಲೆಂದು ಬಂದ ದಿನ, "ಕೊಡಿ, ನಾನೂ ಒಂದು ಮುಚ್ತೀನಿ" ಎಂದು ಅವರು ಕೈಹಾಕಿದ್ದು ಒಂದೇ ಕೊಳವೆಗೆ. ಯಾವುದಕ್ಕೆಂದು ಬೇರೆ ಹೇಳಬೇಕೇ? ಫೋಟೊ ಅವರ ಕೋಣೆಯ ಗೋಡೆಯ ಮೇಲೇ ಇದೆ.

ಹೋಗಿ ಹೇಳಿದೆ. ಅವರು ಫೋಟೊವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಹಾಗಿದ್ರೆ ಏನಾಯ್ತು ಸರೋವರಕ್ಕೆ?"

"ಏನೂ ಆಗಿಲ್ಲ ಸರ್. ನೀರಿತ್ತು. ಇದ್ದೇ ಇತ್ತು."

"ಏನೂ ಆಗಿಲ್ಲ ಅನ್ನೋದನ್ನ ಯಾರಮ್ಮ ಅಚ್ಚು ಹಾಕ್ತಾರೆ? ಹೇಗಿತ್ತೋ ಹಾಗೇ ಇಡು. ಗುರುವಾರ ಪ್ರಬಂಧ ಕಳಿಸೋಣ. ನಿನ್ನ ಮುಂದಿನ ಎರಡು ವರ್ಷಕ್ಕೂ ಅವತ್ತೇ ಸಹಿ ಹಾಕ್ತೀನಿ."

ಮೈಯೆಲ್ಲ ಉರಿದುಹೋಯಿತು. ಬೈದಿದ್ದರಾದರೂ ವಾಸಿಯಿತ್ತು, ಎಷ್ಟು ಅಕ್ಕರೆಯಿಂದ ಹೇಳಿದರು!

ಮನೆಯಲ್ಲಿ ಅಕ್ಕ ಇಸ್ತ್ರಿ ಹಾಕುತ್ತಲೇ ಎಲ್ಲ ಕೇಳಿಸಿಕೊಂಡಳು.

"ಅಲ್ಲ ಕಣೇ, ನೀರಿತ್ತು ಅಂದ್ರೆ ಕೆಲಸ ಇಲ್ಲ, ಇರ್ಲಿಲ್ಲ ಅಂದ್ರೆ ಕೆಲಸ ಇದೆ. ಇದೆಂಥಾ ಓದೇ ನಿಂದು?"

"ತಲೆ ತಿನ್ಬೇಡ ಅಕ್ಕಾ."

"ಬಾಯಿ ಮುಚ್ಕೊಂಡು ಎರಡು ವರ್ಷ ತಳ್ಳು. ಆ ಕೆರೆ ಏನು ಬಂದು ಸಾಕ್ಷಿ ಹೇಳತ್ತಾ?"

ಹೇಳುವುದಿಲ್ಲ. ನನ್ನ ಸಿಟ್ಟೂ ಅದೇ. ಅದರ ಪರವಾಗಿ ಬಾಯಿ ಬಿಡಬೇಕಾದವಳು ನಾನೊಬ್ಬಳೇ, ಪ್ರಬಂಧದಲ್ಲಿ ಮೊದಲ ಹೆಸರೂ ನನ್ನದೇ.

ಮರುದಿನ ಐದನೇ ಕೊಳವೆಯ ಪದರಗಳ ನಕ್ಷೆಯನ್ನು ತಿರುಗಿಸಿ ಬರೆದು, ಜೊತೆಯಲ್ಲಿ ಕೆಲಸ ಮಾಡಿದ ಎಲ್ಲರಿಗೂ ಕಳಿಸಿಬಿಟ್ಟೆ. ಪ್ರೊಫೆಸರ್ ಬಾಗಿಲಲ್ಲಿ ಬಂದು ನಿಂತರು.

"ಒಂದು ಮಾತು ನನ್ನನ್ನ ಕೇಳಬಹುದಿತ್ತು."

"ಕೇಳಿದ್ದೆ ಸರ್."

ತಿರುಗಿ ಹೋದರು. ಮಧ್ಯಾಹ್ನ ಕಚೇರಿಯ ಗುಮಾಸ್ತ ಬಂದು ಶೀತಕೋಣೆಯ ಬೀಗದ ಕೈ ಕೇಳಿದ.

"ತಿಂಗಳು ಮುಗಿಯೋಕೆ ಇನ್ನೂ ದಿನ ಇದೆಯಲ್ಲ?"

"ನಂಗೇನು ಗೊತ್ತು ಮೇಡಂ? ಇಸ್ಕೊಂಡು ಬಾ ಅಂದ್ರು, ಬಂದೆ."

ನಾನು ಮಾಡಿದ್ದು ಸರಿಯಾಗಿಯೇ ಇತ್ತು. ಆದರೂ ಗೊಂಚಲಿನಿಂದ ಆ ಒಂದು ಬೀಗದ ಕೈ ಬಿಡಿಸಲು ಬರದೆ, ಉಗುರು ಮುರಿದುಕೊಂಡು, ಅವನೆದುರೇ ಅತ್ತುಬಿಟ್ಟೆ.