ಮೂರನೆಯ ಐತಾರ

ಹತ್ತಿಗೂಡೂರ ಕ್ರಾಸಿನಲ್ಲಿ ಬಸ್ಸಿಳಿದ ಮಲ್ಲೇಶ್ವರಿ ಮೊದಲು ಹುಡುಕಿದ್ದು ತನ್ನ ಗುರುತನ್ನು. ಹೋದ ಐತಾರ ನಡಿಗೆ ನಿಲ್ಲಿಸಿದ ಜಾಗದಲ್ಲಿ, ಬೇವಿನ ಗಿಡದ ಕೆಳಗಿನ ಟೊಂಗೆಗೆ ಕಟ್ಟಿದ್ದ ಹಳೆ ಸೀರೆಯ ಹಸಿರು ಚಿಂದಿ ಹಾಗೇ ಇತ್ತು. ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮತ್ತೆ ಹೆಜ್ಜೆ ಎತ್ತಬೇಕು, ಒಂದು ಮಾರು ಬಿಟ್ಟರೂ ಹರಕೆ ಮುಟ್ಟುವುದಿಲ್ಲ ಎಂದು ಊರಿನ ಸ್ವಾಮಿಗಳು ಅಪ್ಪಣೆ ಕೊಡಿಸಿದ್ದರು. ಹೇಳುವವರಿಗೇನು, ನಡೆಯುವವರು ಬೇರೆ!

ಹರಕೆಯೂ ಅವಳದಲ್ಲ. ಗಂಡ ಸಂಗಮನಾಥ ಟ್ರ್ಯಾಕ್ಟರಿನ ಕೆಳಗೆ ಸಿಕ್ಕು, ಕಾಲು ಕುಂಟಾದರೂ ಜೀವ ಉಳಿಸಿಕೊಂಡು ಬಂದಾಗ ಅತ್ತೆ ಶಿವಬಸಮ್ಮ ಹೊತ್ತಿದ್ದು: ತಮ್ಮೂರು ಗೋಗಿಯಿಂದ ಶ್ರೀಶೈಲದ ಮಲ್ಲಯ್ಯನ ಗುಡಿಯವರೆಗೆ ಬರಿಗಾಲಲ್ಲಿ ಬರುತ್ತೇನೆ ಎಂದು. ಈ ವರ್ಷ, ಬರುವ ವರ್ಷ ಎನ್ನುತ್ತಲೇ ಮುದುಕಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. "ನಾ ಕಣ್ಣ ಮುಚ್ಚೂದ್ರೊಳಗ ಮಲ್ಲಯ್ಯನ ಹರಕಿ ಮುಟ್ಟಬೇಕವ್ವ" ಎಂದು ದಿನವೂ ಅಳುತ್ತಿದ್ದಳು. ಕಡೆಗೆ ಅವಳ ಬದಲು ನಡೆಯುವುದು ಸೊಸೆಯ ಪಾಲಿಗೆ ಬಂತು.

ಮಲ್ಲೇಶ್ವರಿಗೆ ವಾರಕ್ಕೆ ಆರು ದಿನ ಶಾಲೆಯ ಬಿಸಿಯೂಟದ ಅಡುಗೆ. ಅದರ ಹಿಂದೆ ಮುಂದೆ ಅತ್ತೆಯ ಹಾಸಿಗೆ, ಸ್ನಾನ, ಬಟ್ಟೆ. ಉಳಿದದ್ದು ಐತಾರವೊಂದೇ. ಅದನ್ನೂ ಸಂಗಮನಾಥ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ತೂಗುಹಾಕಿದ್ದ: ಮೊದಲನೆಯ ಐತಾರ ಶಹಾಪುರ, ಎರಡಕ್ಕೆ ಹತ್ತಿಗೂಡೂರ, ಮೂರಕ್ಕೆ ಕೊಳ್ಳೂರ ಸೇತುವೆ, ಹೀಗೆ ಇಪ್ಪತ್ತೆರಡು. "ನಾ ಅವ್ವಗ ನೋಡ್ಕೋತೀನಿ, ನೀ ಆರಾಮ ನಡಕೋತ ಹೋಗಿ ಬಾ" ಎಂದಿದ್ದ ಪುಣ್ಯಾತ್ಮ. ಆರಾಮವಂತೆ!

ಚಪ್ಪಲಿ ಕಳಚಿ ಚೀಲಕ್ಕಿಟ್ಟಳು. ಡಾಂಬರು ಆಗಲೇ ಬಿಸಿಯೇರುತ್ತಿತ್ತು. ಭತ್ತದ ಗದ್ದೆಗಳ ಕಡೆಯಿಂದ ತಣ್ಣನೆಯ ಗಾಳಿ ಬಂತು. ಐದು ನಿಮಿಷ ಕೂತು ಹೊರಟರಾಯಿತು ಎಂದು ಗಿಡಕ್ಕೆ ಒರಗಿದಳು.

ಕಣ್ಣು ತೆರೆದಾಗ ನೆರಳು ಆಚೆ ಬದಿಗೆ ಸರಿದಿತ್ತು. ರೊಟ್ಟಿಯ ಗಂಟು ಕಟ್ಟಿದ ಹಾಗೇ ಇತ್ತು. ಎಷ್ಟು ವರ್ಷವಾಗಿತ್ತೋ ಶಿವನೇ, ಹಗಲು ಹೊತ್ತು ಯಾರೂ ಕೂಗಿ ಎಬ್ಬಿಸದೆ ಮಲಗಿ! ಮೊದಲು ಖುಷಿಯಾಯಿತು, ಆಮೇಲೆ ಹೆದರಿಕೆಯಾಯಿತು. ಇನ್ನು ಕೊಳ್ಳೂರು ಮುಟ್ಟುವ ಮಾತಿರಲಿಲ್ಲ. ದಾರಿಬದಿಯ ಬೋರಿಂಗ್ ಪಂಪಿನ ನೀರಲ್ಲಿ ಮುಖ ತೊಳೆದು, ನಿದ್ದೆಗಣ್ಣಲ್ಲಿ ಕಾಲೂ ತೊಳೆದುಕೊಂಡು, ಚಪ್ಪಲಿ ಮೆಟ್ಟಿ ಬಂದ ಬಸ್ಸು ಹತ್ತಿದಳು.

ಮನೆಯಲ್ಲಿ ಶಿವಬಸಮ್ಮ ಕಾಯುತ್ತಿದ್ದಳು. ನಡೆದು ಬಂದ ಪಾದ ಮಲ್ಲಯ್ಯನ ಪಾದ. ಅದನ್ನು ಒದ್ದೆ ಬಟ್ಟೆಯಿಂದ ಒರೆಸದೆ ಐತಾರ ಸಂಜೆ ಅವಳು ಊಟ ಮುಟ್ಟುತ್ತಿರಲಿಲ್ಲ.

"ಎಲ್ಲೀತನಕ ಬಂದ್ವಿ?"

"ಕೊಳ್ಳೂರ ಬ್ರಿಡ್ಜ್ ತನಕರಿ ಅತ್ತಿ."

"ಹೊಳ್ಯಾಗ ನೀರ ಅದಾವೇನು?"

"ಮಸ್ತ್ ಅದಾವ್ರಿ." ಮಲ್ಲೇಶ್ವರಿ ಮುಖ ನೋಡದೆ ಮಂಚದ ಅಂಚಿಗೆ ಕೂತು ಕಾಲು ಮೇಲಿಟ್ಟಳು.

ಹಿಂದಿನೆರಡು ಐತಾರ ಆ ಬಟ್ಟೆ ಎರೆಮಣ್ಣಿನಿಂದ ಕಪ್ಪಾಗಿತ್ತು. ಈಗ ಮುದುಕಿಯ ಎಡಗೈ ಹಿಮ್ಮಡಿಯ ಮೇಲೆ ನಿಂತುಬಿಟ್ಟಿತು. ಬಟ್ಟೆ ಬೆಳ್ಳಗೇ ಇತ್ತು. ಹತ್ತಿರ ಬಾ ಎಂದು ಸನ್ನೆ ಮಾಡಿ, ಸೊಸೆಯ ತುರುಬಿಗೆ ಸಿಕ್ಕಿಕೊಂಡಿದ್ದ ಒಣ ಬೇವಿನ ಎಲೆಯನ್ನು ಬಿಡಿಸಿ ತೆಗೆದಳು.

ಪಡಸಾಲೆಯಲ್ಲಿ ಕ್ಯಾಲೆಂಡರಿನ ಮುಂದೆ ನಿಂತು ಸಂಗಮನಾಥ ಕೂಗಿದ: "ಅವ್ವಾ, ಕೊಳ್ಳೂರ ಮ್ಯಾಲ ಗೀಟ ಹೊಡೀಲಿ?"

ಮುದುಕಿ ಎಲೆಯನ್ನು ದಿಂಬಿನ ಅಡಿಗೆ ಸರಿಸಿದಳು. "ಹೊಡಿಯಪ್ಪ, ಹೊಡಿ."

ಆಮೇಲೆ ದನಿ ತಗ್ಗಿಸಿ ಕೇಳಿದಳು: "ನೆಳ್ಳ ಚಲೋ ಇತ್ತೇನ?"

ಮಲ್ಲೇಶ್ವರಿಗೆ ಅಳು ತಡೆಯಲಾಗಲಿಲ್ಲ. ಹೌದೆಂದು ತಲೆಯಾಡಿಸಿದಳು.

"ಬರೂ ಐತಾರ ಹಾಸ್ಕೊಳ್ಳಾಕ ನನ್ನ ಕೌದಿ ಒಯ್ಯಿ."

ಅಷ್ಟಂದು ಶಿವಬಸಮ್ಮ ಸೊಸೆಯ ಇನ್ನೊಂದು ಕಾಲನ್ನು ಹತ್ತಿರ ಎಳೆದುಕೊಂಡು, ಧೂಳೇ ಇಲ್ಲದ ಬೆರಳುಗಳ ಸಂದಿಯನ್ನು ಒಂದೊಂದಾಗಿ ಒರೆಸತೊಡಗಿದಳು.